ಶಾಕಿರ್‌ನ ಬಲಗೆನ್ನೆ

ಶಾಕಿರ್ ಮಮತಾಳನ್ನು ಮೊದಲು ಕಂಡದ್ದು ಜನವರಿ ಕೊನೆಯ ಒಂದು ಬುಧವಾರ, ಶಿರಸಿಯ ಚರ್ಮದ ಡಾಕ್ಟರರ ಕ್ಲಿನಿಕ್ಕಿನ ಒಳಕೋಣೆಯಲ್ಲಿ. ಅವಳು ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದಳು. ನರ್ಸುಗಳು ಹಾಕುವ ತಿಳಿಗುಲಾಬಿ ಬಣ್ಣದ ಕೋಟು, ಜಡೆಯಲ್ಲಿ ಒಂದು ತುಂಡು ಅಬ್ಬಲಿಗೆ ದಂಡೆ, ಮಣಿಕಟ್ಟಿನ ಒಳಬದಿಗೆ ಮುಖ ಮಾಡಿ ಕಟ್ಟಿದ ಗಡಿಯಾರ. ದೊಡ್ಡದೊಂದು ಭರಣಿಯಿಂದ ಐಸ್‌ಕ್ಯಾಂಡಿ ಕಡ್ಡಿಯಂಥ ಕಡ್ಡಿಯಲ್ಲಿ ಏನನ್ನೋ ಗೀರಿ ಗೀರಿ ಸಣ್ಣ ಡಬ್ಬಿಗಳಿಗೆ ತುಂಬುತ್ತಿದ್ದಳು. ಭರಣಿಯ ಮೇಲೂ ಚೀಟಿಯಿಲ್ಲ, ಡಬ್ಬಿಗಳ ಮೇಲೂ ಚೀಟಿಯಿಲ್ಲ. ಶಾಕಿರ್‌ಗೆ ಅದು ಆಗಲೇ ಎದ್ದು ಕಂಡಿತು.

ತಿರುಗಿದವಳು ಅವನ ಕೆನ್ನೆ ನೋಡಲಿಲ್ಲ. ಮೂವತ್ತಾರು ವರ್ಷದಲ್ಲಿ ಹಾಗೆ ಮಾಡಿದವರು ಯಾರೂ ಇರಲಿಲ್ಲ. ಬಲಗೆನ್ನೆಯ ಮೇಲೆ ಹುಣಸೆ ಬೀಜದಷ್ಟು ಅಗಲದ, ಉಬ್ಬಿದ ಕಪ್ಪು ಮಚ್ಚೆ ಹುಟ್ಟಿನಿಂದಲೇ ಇತ್ತು. ಎದುರಿಗೆ ಬಂದವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಇವಳು ಮಾತ್ರ ಅವನ ಕೈ ಹಿಡಿದು ಉಗುರು ನೋಡಿದಳು.

“ಇಷ್ಟುದ್ದ ಉಗುರು ಎಂತಕ್ಕೆ? ಹೊರಗೆ ಹೋಗಿ ಕತ್ತರಿಸ್ಕಂಡು ಬನ್ನಿ. ಆಮೇಲೆ ಲೇಸರು.”

ಮಚ್ಚೆ ತೆಗೆಯುವುದಕ್ಕೂ ಉಗುರಿಗೂ ಏನು ಸಂಬಂಧ ಎಂದು ಶಾಕಿರ್‌ಗೆ ತಿಳಿಯಲಿಲ್ಲ. ಆದರೂ ಕತ್ತರಿಸಿಕೊಂಡು ಬಂದ. ಶಿರಸಿ–ಯಲ್ಲಾಪುರ ದಾರಿಯಲ್ಲಿ ಹನ್ನೆರಡು ವರ್ಷದಿಂದ ಪ್ಯಾಸೆಂಜರ್ ಟೆಂಪೋ ಓಡಿಸುವ ಅವನನ್ನು ಮಂಚಿಕೇರಿಯಿಂದ ಆಚೆಗೂ ಜನ ಕರೆಯುವುದು ‘ಮಚ್ಚೆ ಶಾಕಿರ್’ ಎಂದೇ. ಬರೀ ಶಾಕಿರ್ ಅನ್ನಿಸಿಕೊಳ್ಳಬೇಕೆಂಬ ಆಸೆಗೆ ಅವನು ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದ್ದ. ಪರೀಕ್ಷೆ ಮಾಡಿದ ಡಾಕ್ಟರು, ಭಯಪಡುವಂಥ ಮಚ್ಚೆಯಲ್ಲ, ತೆಗೆಯಬಹುದು ಎಂದಿದ್ದರು.

ಲೇಸರ್ ಅರ್ಧ ಗಂಟೆಯಲ್ಲಿ ಮುಗಿಯಿತು. ಸುಟ್ಟ ಕೂದಲಿನ ವಾಸನೆ ಮೂಗಿನಲ್ಲಿ ಇನ್ನೂ ಇರುವಾಗಲೇ ಮಮತಾ ಹೇಳತೊಡಗಿದಳು. ದಿನಕ್ಕೆರಡು ಸಲ ನೀರಿನಲ್ಲಿ ಮೆತ್ತಗೆ ತೊಳೆಯಬೇಕು, ಒತ್ತಿ ಒರೆಸಬಾರದು, ತಾನು ಕೊಟ್ಟ ಡಬ್ಬಿಯಲ್ಲಿರುವುದನ್ನು ಗಾಯ ಒಣಗದಂತೆ ಹಚ್ಚುತ್ತಿರಬೇಕು. ಹಕ್ಕಳೆ ಕಟ್ಟಿದರೆ ಉಗುರು ತಾಗಿಸಿ ಕೀಳಬಾರದು. ಅರಿಸಿನ ಬೇಡ, ಕೊಬ್ಬರಿ ಎಣ್ಣೆ ಬೇಡ. ಬಿಸಿಲು ಬೇಡವೇ ಬೇಡ. ಶಾಕಿರ್ ತಲೆಯಾಡಿಸಿದ. ಗಮನವೆಲ್ಲ ಮರಗಟ್ಟಿದ ಕೆನ್ನೆಯ ಮೇಲಿದ್ದುದರಿಂದ ಅರ್ಧ ಕೇಳಿಸಿತು, ಅರ್ಧ ಹಾರಿಹೋಯಿತು.

ಮನೆಯಲ್ಲಿ ಅವನ ತಾಯಿ ರಹಿಮತ್‌ಬಿ ಡಬ್ಬಿ ತೆರೆದು ಮೂಸಿ ನೋಡಿದಳು.

“ವಾಸನೇನೇ ಇಲ್ಲ. ವಾಸನೆ ಇಲ್ದೆ ಇರೋದು ಎಂಥ ಔಷಧ ಬೇಟಾ? ಮುರುಗಲ ತುಪ್ಪ ಹಚ್ಚು. ನಿನ್ನ ಹಿಮ್ಮಡಿ ಒಡೆದಾಗ ಅದ್ರಲ್ಲೇ ಗುಣ ಆಗಿತ್ತಲ್ಲ.”

“ಅಮ್ಮಾ, ಇದು ಹಿಮ್ಮಡಿ ಅಲ್ಲ, ಮುಖ.”

“ಎರಡೂ ನಾನು ಹೆತ್ತದ್ದೇ,” ಎಂದು ಅವಳು ಒಳಗೆ ಹೋದಳು.

ಶಾಕಿರ್ ತಾಯಿಗೆ ತುಪ್ಪ ಹಚ್ಚಲು ಬಿಡಲಿಲ್ಲ. ಹೇಳಿದ್ದನ್ನು ಹೇಳಿದಂತೆ ಮಾಡಿದ. ಹತ್ತನೇ ದಿನಕ್ಕೆ ಹಕ್ಕಳೆ ತಾನಾಗಿ ಉದುರಿ, ಅಡಿಯಲ್ಲಿ ಎಳೇ ಗುಲಾಬಿ ಚರ್ಮ ಕಂಡಿತು. ಮಮತಾ ಅದನ್ನು ನೋಡಿ ಒಂದು ಟ್ಯೂಬ್ ಕೊಟ್ಟಳು. “ಇನ್ನು ಬಿಸಿಲಿಗೆ ಹೋಗೋ ಮುಂಚೆ ಇದನ್ನ ಹಚ್ಕಳಿ. ಮರೀಬೇಡಿ.” ಶಾಕಿರ್ ಮತ್ತೆ ಟೆಂಪೋ ಹತ್ತಿದ. ಎರಡು ವಾರ ಕನ್ನಡಿ ನೋಡಿ ಖುಷಿಪಟ್ಟ. ಮೂರನೇ ವಾರ ಆ ಗುಲಾಬಿಯ ಸುತ್ತ ಒಂದು ಕಂದು ಗೆರೆ ಬಂತು. ಮಾರ್ಚ್ ಮೊದಲ ವಾರದ ಹೊತ್ತಿಗೆ ಅಷ್ಟೂ ಜಾಗ ಹುರಿದ ಕಾಫಿಬೀಜದ ಬಣ್ಣಕ್ಕೆ ತಿರುಗಿತ್ತು. ಉಬ್ಬು ಹೋಗಿತ್ತು, ಕಪ್ಪು ವಾಪಸ್ ಬಂದಿತ್ತು.

ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ಟೆಂಪೋ ನಿಲ್ಲಿಸುವಲ್ಲಿ ದಾದಾಸಾಬ ಅದನ್ನು ನೋಡಿದ. ಅವನು ಮುಂಡಗೋಡ ಕಡೆಯವನು, ವಯಸ್ಸಿನಲ್ಲಿ ಹಿರಿಯ, ಸಿದ್ದಾಪುರದ ದಾರಿಯಲ್ಲಿ ಗಾಡಿ ಓಡಿಸುವವನು.

“ಏನಪಾ, ಹಳೇ ಮಚ್ಚಿ ಕೊಟ್ಟು ಹೊಸಾದು ತಂದೀ?”

“ತಮಾಷೆ ಬೇಡ ಚಾಚಾ.”

“ತಮಾಷಿ ಅಲ್ಲೋ. ಔಷಧ ಯಾವ್ದು ಕೊಟ್ರು? ಚೀಟಿ ಇಲ್ಲದ ಡಬ್ಬೀನಾ? ಹಂಗಾರ ಖರೇ ಔಷಧ ಆ ನರ್ಸ್ ಬಾಯಿ ಕಪಾಟಿನ್ಯಾಗ ಐತಿ. ನಿನಗ ಕೊಟ್ಟಿದ್ದು ಬ್ಯಾರೆ. ಹೋಗಿ ತೋರಿಸ್ಕೊಂಡು ಬಾ.”

ಶಾಕಿರ್ ಡಬ್ಬಿ ಹಿಡಿದುಕೊಂಡು ಔಷಧಿ ಅಂಗಡಿಗೆ ಹೋದ. ಅಂಗಡಿಯವನು ಬೆರಳಿಗೆ ಸವರಿ, ಉಜ್ಜಿ, ನಕ್ಕ. “ಇದು ಚಳಿಗಾಲದಲ್ಲಿ ತುಟಿಗೆ ಹಚ್ಚೋ ಜೆಲ್ಲಿ ಅಲ್ವೇನ್ರಿ?”

ಅಲ್ಲಿಂದ ಅವನಿಗೆ ಎಲ್ಲವೂ ಒಂದಕ್ಕೊಂದು ಕೂಡಿ ಬಂದಂತೆ ಕಂಡಿತು. ಬೆನ್ನು ಹಾಕಿ ನಿಂತು ತುಂಬುತ್ತಿದ್ದುದು, ಚೀಟಿ ಇಲ್ಲದ ಭರಣಿ, ಕೆನ್ನೆ ನೋಡದೆ ಉಗುರು ನೋಡಿದ್ದು. ಸಂಜೆ ನೇರ ಕ್ಲಿನಿಕ್ಕಿಗೆ ನುಗ್ಗಿ, ಕಾಯುತ್ತಿದ್ದವರೆಲ್ಲರ ಎದುರಿಗೇ ಕೇಳಿದ.

“ಸಿಸ್ಟರ್, ಮುಖ ಸುಟ್ಟು ತುಟಿಗೆ ಹಚ್ಚೋ ಜೆಲ್ಲಿ ಕೊಟ್ರಾ ನೀವು?”

“ಹೌದು. ಅದೇ ಔಷಧ. ಗಾಯ ಒಣಗ್ದಂಗೆ ನೋಡ್ಕಂಡ್ರೆ ಸಾಕು, ಚರ್ಮ ತಾನೇ ಕೂಡ್ತದೆ. ಅವತ್ತೇ ಹೇಳಿದ್ದೆ, ನಿಮ್ಮ ತಲೆಗೆ ಹೋಗ್ಲಿಲ್ಲ.” ಅವಳು ಕೆನ್ನೆಯನ್ನು ಬೆಳಕಿಗೆ ತಿರುಗಿಸಿದಳು. ಈಗ ಅನುಮಾನಪಡುವ ಸರದಿ ಅವಳದು. “ಇದಕ್ಕೆ ಎಂತ ಹಚ್ಚಿದ್ರಿ? ಖರೆ ಹೇಳಿ. ಸುಣ್ಣವೋ, ಅರಿಸಿನವೋ? ಮನೇಲಿ ಯಾರಾದ್ರೂ ಎಂತಾದ್ರೂ ಬಳಿದ್ರಾ?”

“ನಮ್ಮ ಮನೆಯವ್ರ ಮೇಲೆ ಹಾಕ್ಬೇಡಿ!”

ಗಲಾಟೆಗೆ ಡಾಕ್ಟರು ಹೊರಗೆ ಬಂದರು. ಕೆನ್ನೆ ನೋಡಿದರು. ಲೇಸರಿನಿಂದ ಆದದ್ದಲ್ಲ, ಆಮೇಲೆ ಆದದ್ದು ಎಂದರು. ಎಳೇ ಚರ್ಮ ಕಪ್ಪಾಗಿದೆ. ಕಾರಣ ಹಿಡಿದು ಈಗಲೇ ತಡೆದರೆ ತಿಂಗಳುಗಳಲ್ಲಿ ತಿಳಿಯಾಗುತ್ತದೆ, ಹೀಗೇ ಬಿಟ್ಟರೆ ಉಳಿದೇ ಹೋಗಬಹುದು. ಬಿಸಿಲಿಗೆ ಹೋಗುತ್ತೀರಾ ಎಂದು ಕೇಳಿದರು. ಇಲ್ಲವೇ ಇಲ್ಲ ಎಂದ ಶಾಕಿರ್. ಅವನ ಮಟ್ಟಿಗೆ ಅದು ಸುಳ್ಳಲ್ಲ. ಡಾಕ್ಟರು ಮಮತಾಳ ಕಡೆ ನೋಡಿದ ರೀತಿ ತಪ್ಪು ಅವಳದೇ ಎನ್ನುವಂತಿತ್ತು. ಶಾಕಿರ್‌ಗೆ ಸ್ವಲ್ಪ ಸಮಾಧಾನವಾಯಿತು.

ಆ ಭಾನುವಾರ ಬೆಳಿಗ್ಗೆ ಎಂಟೂವರೆಗೆ ಯಲ್ಲಾಪುರಕ್ಕೆ ಹೊರಟ ಟೆಂಪೋದಲ್ಲಿ, ಡ್ರೈವರ್ ಸೀಟಿನ ನೇರ ಹಿಂದೆ ಮಮತಾ ಕುಳಿತಿದ್ದಳು. ಕೋಟಿಲ್ಲ, ಹಸಿರು ಸೀರೆ, ತೊಡೆಯ ಮೇಲೆ ಕೈಚೀಲ.

“ಯಲ್ಲಾಪುರದಲ್ಲಿ ನಿಮಗೆ ಯಾರಿದ್ದಾರೆ?” ಶಾಕಿರ್ ಕನ್ನಡಿಯಲ್ಲೇ ಕೇಳಿದ.

“ಯಾರೂ ಇಲ್ಲ. ಗಾಡಿ ಬಿಡಿ.”

ಯಾರೂ ಇಲ್ಲದ ಊರಿಗೆ ರಜೆಯ ದಿನ ಹೊರಟ ಹೆಂಗಸು! ತನ್ನ ತಪ್ಪು ಹುಡುಕಿ ಡಾಕ್ಟರಿಗೆ ಹೇಳಲು ಬಂದಿದ್ದಾಳೆ ಎಂದು ಅವನು ಗಟ್ಟಿಯಾಗಿ ನಂಬಿದ. ಹತ್ತು ಮೈಲಿ ಕಳೆಯುವುದರಲ್ಲಿ ಇಪ್ಪತ್ತು ಸಲ ಕನ್ನಡಿ ನೋಡಿದ. ಅವಳು ಒಂದೇ ಸಮನೆ ಅವನ ಬಲಗಿವಿಯ ಹತ್ತಿರವೇ ನೋಡುತ್ತಿದ್ದಳು. ಮಂಚಿಕೇರಿ ದಾಟಿದ ಮೇಲೆ ಮೊಬೈಲ್ ತೆಗೆದು ಫೋಟೋ ಹೊಡೆದಳು. ಶಾಕಿರ್ ಬ್ರೇಕ್ ಒತ್ತಿದ. ಹಿಂದಿದ್ದವರು ಒಬ್ಬರ ಮೇಲೊಬ್ಬರು ಬಿದ್ದು ಬೈದರು.

“ಎಂತಕ್ಕೆ ನನ್ನ ಫೋಟೋ?”

“ನಿಮ್ದಲ್ಲ ಮಾರಾಯ್ರೆ. ಬಿಸಿಲಿಂದು.”

ಯಲ್ಲಾಪುರದಲ್ಲಿ ಜನ ಇಳಿದ ಮೇಲೆ ಅವಳು ಕೇಳಿದಳು. “ಆ ಟ್ಯೂಬ್ ಎಲ್ಲಿ?”

ಸ್ಟೇರಿಂಗಿನ ಪಕ್ಕದ ಖಾನೆಯಿಂದ ತೆಗೆದುಕೊಟ್ಟ. ಟ್ಯೂಬ್ ಹೆಚ್ಚುಕಡಿಮೆ ತುಂಬಿಯೇ ಇತ್ತು.

“ಹಚ್ಚಲೇ ಇಲ್ಲ?”

“ಬಿಸಿಲಿಗೆ ಹೋಗೋ ಮುಂಚೆ ಹಚ್ಚಿ ಅಂದಿದ್ರಲ್ಲ? ಶುಕ್ರವಾರ ನಮಾಜಿಗೆ ನಡೆದು ಹೋಗುವಾಗ ಹಚ್ಚಿದೀನಿ. ಉಳಿದ ದಿನ ನಾನು ಬಿಸಿಲಿಗೆಲ್ಲಿ ಹೋಗ್ತೀನಿ? ಇಡೀ ದಿನ ಗಾಡಿ ಒಳಗೇ ಇರ್ತೀನಿ. ತಲೆ ಮೇಲೆ ತಗಡಿದೆ, ದಾರಿ ತುಂಬ ಕಾಡಿದೆ.”

“ಕಾಡೋ? ಸಾಗವಾನಿ ಎಲೆ ಉದುರಿ ತಿಂಗಳಾಯ್ತು. ಎರಡೂ ತೋಳು ಇಲ್ಲಿ ಇಡಿ.”

ಅವನು ಅನುಮಾನದಿಂದಲೇ ಎರಡೂ ತೋಳುಗಳನ್ನು ಸೀಟಿನ ಮೇಲೆ ಚಾಚಿದ. ಎಡದ್ದು ಗೋಧಿ ಬಣ್ಣ. ಬಲದ್ದು ಬೇರೆ ಯಾರದೋ ತೋಳಿನ ಹಾಗೆ, ಮೊಣಕೈಯಿಂದ ಬೆರಳಿನವರೆಗೆ ಕರ್ರಗೆ. ಹನ್ನೆರಡು ವರ್ಷ ಎರಡನ್ನೂ ಹೊತ್ತು ತಿರುಗಿದವನು ಅವನ್ನು ಜೊತೆಗಿಟ್ಟು ನೋಡಿರಲಿಲ್ಲ.

“ಬೆಳಿಗ್ಗೆ ಯಲ್ಲಾಪುರಕ್ಕೆ ಬರುವಾಗ ಬಿಸಿಲು ನಿಮ್ಮ ಬಲಕ್ಕೆ,” ಎಂದಳು ಮಮತಾ. “ಸಂಜೆ ಶಿರಸಿಗೆ ತಿರುಗುವಾಗ ಸೂರ್ಯ ಆ ಬದಿಗೆ ಹೋಗಿರ್ತಾನೆ, ನೀವೂ ತಿರುಗಿರ್ತೀರಿ. ಆವಾಗ್ಲೂ ಬಲಕ್ಕೆ. ಕಿಟಕಿ ತೆಗೆದಿರ್ತದೆ. ನಾನು ದಿನಾ ಹೇರೂರಿಂದ ಶಿರಸಿಗೆ ಬಂದು ಹೋಗೋಳು, ಎರಡು ಹೊತ್ತೂ ಎಡಗಡೆ ಸೀಟೇ ಹುಡುಕ್ತೇನೆ. ಆದ್ರೂ ನಿಮ್ಮ ಸೀಟಿನ ವಿಚಾರ ತಲೆಗೆ ಬರ್ಲಿಲ್ಲ. ಬಿಸಿಲು ಬೇಡ ಅಂತ ಹೇಳಿ ಸುಮ್ನಾದೆ. ಅಷ್ಟು ತಪ್ಪು ನಂದೇ.”

ತಪ್ಪು ತನ್ನದು ಎಂದು ಅವಳೇ ಹೇಳಿದ್ದು ಶಾಕಿರ್‌ಗೆ ಇನ್ನಷ್ಟು ಸಂಶಯ ತಂದಿತು. ಸಂಜೆ ಅವಳನ್ನೂ ಕೂರಿಸಿಕೊಂಡು ವಾಪಸ್ ಬರುವಾಗ ಕಣ್ಣು ರಸ್ತೆಯ ಮೇಲಿಟ್ಟು ಕೆನ್ನೆಯನ್ನೇ ಗಮನಿಸಿದ. ಸೋಂದಾ ಕ್ರಾಸಿನವರೆಗೂ ಬಲಗೆನ್ನೆ ಬೆಚ್ಚಗೆ ಸುಡುತ್ತಿತ್ತು, ಎಡಗೆನ್ನೆ ತಣ್ಣಗಿತ್ತು.

ಶಿರಸಿಯಲ್ಲಿ ಇಳಿಯುವಾಗ ಅವಳು ಹೇಳಿದಳು. “ಟ್ಯೂಬ್ ಎರಡೆರಡು ತಾಸಿಗೆ ಹಚ್ಚಿ. ಮತ್ತೊಂದು ಮಾತು. ನಾಲ್ಕು ತಿಂಗಳು ಸಿದ್ದಾಪುರದ ದಾರಿ ಹಿಡೀರಿ. ಆ ದಾರೀಲಿ ಹೋಗುವಾಗ್ಲೂ ಬರುವಾಗ್ಲೂ ಬಿಸಿಲು ಎಡಕ್ಕೇ ಬರ್ತದೆ, ನಿಮ್ಮ ಬಲಗೆನ್ನೆಗೆ ತಾಗೂದಿಲ್ಲ.”

ಅವನು ದಾದಾಸಾಬನ ಹತ್ತಿರ ಹೋಗಿ ದಾರಿ ಅದಲುಬದಲು ಮಾಡಿಕೊಳ್ಳೋಣ ಎಂದ. ದಾದಾಸಾಬ ಕಣ್ಣು ಕಿರಿದು ಮಾಡಿದ.

“ನನ್ನ ಪ್ಯಾಸೆಂಜರ್ ಹೊಡಕೊಳ್ಳಾಕ ಬಂದೀಯೇನು? ಬಿಸಿಲಿನ ಕಥಿ ಯಾರ ಹೇಳಿಕೊಟ್ರು, ಆ ಬಾಯೀನಾ?”

“ಚಾಚಾ, ನಿನ್ನ ಎರಡು ತೋಳು ಇಲ್ಲಿ ಇಡು.”

ಇಟ್ಟ. ಮೂವತ್ತು ವರ್ಷ ಸ್ಟೇರಿಂಗ್ ಹಿಡಿದಿದ್ದರೂ ದಾದಾಸಾಬನ ಬಲತೋಳಿಗೂ ಎಡತೋಳಿಗೂ ಹೇಳುವಂಥ ವ್ಯತ್ಯಾಸ ಇರಲಿಲ್ಲ. ಅದರ ಪಕ್ಕಕ್ಕೆ ಶಾಕಿರ್ ತನ್ನ ಬಲತೋಳು ಇಟ್ಟ. ದಾದಾಸಾಬ ಬಹಳ ಹೊತ್ತು ನೋಡಿದ.

“ಮಳಿಗಾಲ ಹಿಡಿಯೂತನಾ ಅಷ್ಟ,” ಎಂದ.

ಜೂನ್ ಹೊತ್ತಿಗೆ ಕೆನ್ನೆಯ ಕಪ್ಪು ಚಹಾದ ಬಣ್ಣಕ್ಕೆ ಇಳಿಯಿತು. ದೀಪಾವಳಿಯ ಹೊತ್ತಿಗೆ, ಗೊತ್ತಿದ್ದವರು ಹತ್ತಿರದಿಂದ ಹುಡುಕಿದರೆ ಮಾತ್ರ ಕಾಣುವಷ್ಟು ಉಳಿಯಿತು. ಮಂಚಿಕೇರಿಯ ಹಳೆಯ ಪ್ಯಾಸೆಂಜರುಗಳು ಈಗಲೂ ಕೆಲವೊಮ್ಮೆ ಬಾಯಿ ತಪ್ಪಿ ಮಚ್ಚೆ ಶಾಕಿರ್ ಅನ್ನುತ್ತಾರೆ. ಕ್ಲಿನಿಕ್ಕಿನ ಆ ಭರಣಿಯ ಮೇಲೆ ಒಂದು ಚೀಟಿ ಅಂಟಿಸಿದರೆ ಏನು ಹೋಗುತ್ತದೆ ಎಂದು ಶಾಕಿರ್ ಈಗಲೂ ಗೊಣಗುತ್ತಾನೆ.

ಮಮತಾ ಅದೇ ಕ್ಲಿನಿಕ್ಕಿನಲ್ಲಿದ್ದಾಳೆ. ಬೆಳಿಗ್ಗೆ ಒಂಬತ್ತಕ್ಕೆ ಬಂದು, ಲೇಸರ್ ಆದವರ ಗಾಯ ನೋಡುತ್ತಾಳೆ, ಮನೆಯಲ್ಲಿ ಏನು ಮಾಡಬೇಕೆಂದು ಹೇಳುತ್ತಾಳೆ. ಹೇಳುವ ಮೊದಲು ಅವರು ದಿನವಿಡೀ ಎಲ್ಲಿ ಕೂರುತ್ತಾರೆ, ಯಾವ ಹೊತ್ತಿಗೆ ಯಾವ ದಿಕ್ಕಿಗೆ ಹೋಗುತ್ತಾರೆ, ಕಿಟಕಿ ಯಾವ ಬದಿಗಿದೆ ಎಂದು ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ.