ಬಸ್ ತಂಗುದಾಣದ ಮೇಲಿನ ಹೆಸರು

ಕೊಪ್ಪದ ಬೋರ್ಡ್ ಪೇಂಟರ್ ಶಿವಕಿರಣನಿಗೆ ಸತ್ತವನೊಬ್ಬನ ಮೇಲೆ ಹೊಟ್ಟೆಕಿಚ್ಚು. ಆ ಸತ್ತವನು, ಶಿವಕಿರಣನ ಹೆಂಡತಿ ಮಹಿಮಾಳ ಮೊದಲ ಗಂಡ ಪ್ರಸನ್ನ. ಮಿಲಿಟರಿಯಲ್ಲಿದ್ದ, ಗಡಿಯಲ್ಲಿ ಹಿಮ ಕುಸಿದು ತೀರಿಕೊಂಡ. ಕೊಪ್ಪದ ಹತ್ತಿರವೇ ಇರುವ ಅವನ ಹಳ್ಳಿ ನಾರ್ವೆಯ ಬಸ್ ತಂಗುದಾಣಕ್ಕೆ ಊರವರು ಅವನ ಹೆಸರಿಟ್ಟರು. ಆ ಹೆಸರು ಬರೆಯುವ ಕೆಲಸ ಮೊದಲಿನಿಂದಲೂ ಶಿವಕಿರಣನದೇ.

ಅವನು ಮಹಿಮಾಳನ್ನು ಮದುವೆಯಾಗುವ ಮೊದಲು ಆ ಬರಹ ಮೂರೇ ತಿಂಗಳಿಗೆ ಮಾಸುತ್ತಿತ್ತು. ಮಹಿಮಾ ಫೋನ್ ಮಾಡಿ ಬೈಯುತ್ತಿದ್ದಳು. ಅದನ್ನೇ ಕಾಯುತ್ತಿದ್ದವನಂತೆ ಅವನು ಬೈಕ್ ಹತ್ತಿ ಬರುತ್ತಿದ್ದ. ಅವರ ಪ್ರೀತಿ ಬೆಳೆದದ್ದು ಹಾಗೆ.

ಈಗ ಮದುವೆಯಾಗಿ ಎರಡು ವರ್ಷ. ಆದರೂ ಊರಿಗೆ ಅವಳು ಇನ್ನೂ 'ಪ್ರಸನ್ನನ ಹೆಂಡ್ತಿ'. ಶಿವಕಿರಣನ ತಲೆ ನರೆಯುತ್ತಿತ್ತು. ಗೋಡೆಯ ಫೋಟೋದಲ್ಲಿದ್ದ ಪ್ರಸನ್ನನಿಗೆ ಎಂದೆಂದಿಗೂ ಇಪ್ಪತ್ತೊಂಬತ್ತು. ಜಗಳ ತೆಗೆಯೋಣವೆಂದರೆ ಆಸಾಮಿ ಎದುರಿಗಿಲ್ಲ.

ಈ ಆಗಸ್ಟ್‌ನಲ್ಲಿ ಹೆಸರು ಬರೆಯಲು ಕೂತವನು ಬೇಕೆಂದೇ ಬಣ್ಣ ನೀರಾಗುವಷ್ಟು ಥಿನ್ನರ್ ಸುರಿದ. ನಾಲ್ಕು ಮಳೆಗೆ ತೊಳೆದುಹೋಗಲಿ, ಪೀಡೆ ತೊಲಗಲಿ!

ಫ್ಲಾಸ್ಕಿನಲ್ಲಿ ಚಹಾ ತಂದ ಮಹಿಮಾ, ಅಕ್ಷರಗಳಿಂದ ಗೋಡೆಗುಂಟ ಇಳಿಯುತ್ತಿದ್ದ ಕಪ್ಪು ಹನಿಗಳನ್ನೇ ನೋಡುತ್ತ ನಿಂತಳು.

"ಆಗೆಲ್ಲ ಥಿನ್ನರ್ ಜಾಸ್ತಿ ಹಾಕ್ತಿದ್ದಿದ್ದು ನನ್ನ ನೋಡಕ್ಕೆ ಅಂತ ಗೊತ್ತಿತ್ತು ಕಣ್ರೀ," ಎಂದಳು. "ಈಗ ಎಂತಕ್ಕೆ ಹಾಕಿದ್ದು? ನಾನು ಮನೇಲೇ ಇದೀನಲ್ಲ."

ಶಿವಕಿರಣ ಬರೆದದ್ದನ್ನೆಲ್ಲ ಬಟ್ಟೆಯಿಂದ ಒರೆಸಿದ. ಗಟ್ಟಿ ಬಣ್ಣದ ಹೊಸ ಡಬ್ಬಿ ತೆರೆದು, ಹಲ್ಲು ಕಚ್ಚಿಕೊಂಡೇ, ಆ ಇಪ್ಪತ್ತೊಂಬತ್ತರವನ ಹೆಸರನ್ನು ಹತ್ತು ವರ್ಷ ಮಾಸದಂತೆ ದಪ್ಪಗೆ ಬರೆದ.