ಹರಿಹರದಲ್ಲಿ ಸತ್ತವರಿಗೆ ಶಾಲು

ಶನಿವಾರ ಮಧ್ಯಾಹ್ನ ಊಟ ಮುಗಿಸಿ, ದಾವಣಗೆರೆಯ ದೇವರಾಜ ಅರಸು ಬಡಾವಣೆಯಿಂದ ನಾವು ಏಳೆಂಟು ಜನ ಹೊರಟೆವು. ಮಾರ್ಚ್ ತಿಂಗಳ ಬಿಸಿಲು. ಪರದೆ, ಪೆಟ್ಟಿಗೆ, ಕುರ್ಚಿಗಳೆಲ್ಲ ಗೂಡ್ಸ್ ಆಟೋದಲ್ಲಿ ಮುಂದೆ ಹೋಗಿದ್ದವು. ಹರಿಹರ ಬಹಳವೆಂದರೆ ಹದಿನಾಲ್ಕು ಕಿಲೋಮೀಟರು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ಖರ್ಚಿಲ್ಲವಾದ್ದರಿಂದ ನಾನು, ನೇತ್ರಾ ಆಧಾರ್ ಕಾರ್ಡು ತೋರಿಸಿ ಕೂತೆವು. ಗಂಡಸರು ದುಡ್ಡು ಕೊಟ್ಟೂ ನಿಂತೇ ಬಂದರು.

ನಮ್ಮದು ಸಂಜೆ ಹೊತ್ತಿನ ತಂಡ. ಹಗಲು ಎಲ್ಲರಿಗೂ ಬೇರೆ ಬೇರೆ ಉದ್ಯೋಗ. ನಿರ್ದೇಶಕ ರಫೀಕ್ ಟೈಲರು. ಮುಖ್ಯ ಪಾತ್ರದ ವಿರೂಪಾಕ್ಷಪ್ಪನವರು ಮಂಡಕ್ಕಿ ಭಟ್ಟಿ ಇಟ್ಟವರು. ಅವರ ಮಗಳು ನೇತ್ರಾ ಸಹಕಾರಿ ಬ್ಯಾಂಕಿನಲ್ಲಿದ್ದಾಳೆ. ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು, ಮರೆತವರಿಗೆ ಮಾತು ಎತ್ತಿಕೊಡುವುದು ನನ್ನ ಕೆಲಸ.

ಈ ಪ್ರಯಾಣ ನೇತ್ರಾಳಿಗೆ ಬರೀ ನಾಟಕದ್ದಾಗಿರಲಿಲ್ಲ. ಹರಿಹರದ ಬೀಜ-ಗೊಬ್ಬರದ ವ್ಯಾಪಾರಿ ಸಿದ್ಧಲಿಂಗಪ್ಪನವರ ಮಗನೊಂದಿಗೆ ಅವಳ ಮದುವೆಯ ಮಾತು ನಡೆದಿತ್ತು. ಹುಡುಗ ಒಳ್ಳೆಯವನು, ಅವಳಿಗೂ ಮನಸ್ಸಿತ್ತು. ಆದರೆ ಮದುವೆಯಾದ ಮೇಲೆ ನಾಟಕ ಬಿಡಬೇಕು ಎಂದು ಅವನ ತಂದೆ ಹೇಳಿ ಕಳಿಸಿದ್ದರು. ಅವರು ಒಂದು ನಾಟಕ ನೋಡಲಿ, ಆಮೇಲೂ ಬೇಡವೆಂದರೆ ನನಗೂ ಈ ಸಂಬಂಧ ಬೇಡ ಎಂದು ನೇತ್ರಾ ಮನೆಯಲ್ಲಿ ಹೇಳಿಬಿಟ್ಟಿದ್ದಳು. ಇವತ್ತು ಅವರು ನೋಡಲು ಬರುವವರಿದ್ದರು.

ಬಸ್ಸಿನಲ್ಲಿ ವಿರೂಪಾಕ್ಷಪ್ಪನವರು ಕಂಬಿ ಹಿಡಿದು ನನ್ನ ಕಡೆ ಬಾಗಿದರು. "ಸರೋಜಕ್ಕಾರ, ಇವಳಿಗೆ ಸ್ವಲ್ಪ ಹೇಳ್ರಿ. ಬೀಗ್ರ ಮುಂದೆ ಬಾಯಿ ಬಿಗಿ ಇರಲಿ."

"ಅಪ್ಪಾಜಿ, ನಂದು ಮಾತಾಡೋ ಪಾತ್ರ," ಎಂದಳು ನೇತ್ರಾ. "ಬಾಯಿ ಬಿಗಿ ಇಡೋ ಪಾತ್ರ ನಿಮ್ದು."

ಅದು ಖರೆಯೇ. ನಾಟಕದಲ್ಲಿ ಮನೆಯ ಯಜಮಾನ, ತಾನು ಸತ್ತರೆ ಮಕ್ಕಳು ಏನು ಮಾತಾಡುತ್ತಾರೆ ನೋಡೋಣವೆಂದು ಸತ್ತಂತೆ ನಟಿಸುತ್ತಾನೆ. ಕೊನೆಯ ದೃಶ್ಯದಲ್ಲಿ ಎದ್ದು ಬೈಯುತ್ತಾನೆ. ಅಲ್ಲಿಯವರೆಗೆ ವಿರೂಪಾಕ್ಷಪ್ಪನವರು ಮಿಸುಕುವಂತಿಲ್ಲ. ರಫೀಕ್ ಮೊದಲು ಅವರನ್ನು ಚಾಪೆಯ ಮೇಲೆ ಮಲಗಿಸಿದ್ದ. ಅದಕ್ಕೆ ನಾವೆಲ್ಲ ಒಪ್ಪಲಿಲ್ಲ. ಲಿಂಗಾಯತರ ಮನೆಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಹಣೆತುಂಬ ವಿಭೂತಿ ಬಳಿದು, ಹಾರ ಹಾಕಿ, ಗೋಡೆಗೆ ಆನಿಸುತ್ತಾರೆ. ಹಾಗಾಗಿ ನಮ್ಮ ಹೆಣ ರಂಗದ ನಟ್ಟನಡುವೆ ಕೈಯಿರುವ ಕುರ್ಚಿಯ ಮೇಲೆ ಕೂತಿರುತ್ತಿತ್ತು.

ಮೂರು ಗಂಟೆಗೆ ಹರಿಹರದ ಬಸ್ ನಿಲ್ದಾಣದಲ್ಲಿ ಇಳಿದು, ಮಿರ್ಚಿ ಮಂಡಕ್ಕಿ ತಿಂದು, ಚಹಾ ಕುಡಿದೆವು. ಬೇರೆ ಊರಿನ ಮಂಡಕ್ಕಿ ಎಂದು ವಿರೂಪಾಕ್ಷಪ್ಪನವರು ಒಂದೊಂದೇ ಕಾಳು ತೆಗೆದು ನೋಡಿದರು. ಆದರೂ ತಟ್ಟೆ ಖಾಲಿ ಮಾಡಿದರು. ಸಮುದಾಯ ಭವನಕ್ಕೆ ನಡೆದೇ ಹೋದೆವು. ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತಾದರೂ ಅದೂ ಬಿಸಿಯಾಗಿತ್ತು.

ನಾಟಕ ಕರೆಸಿದ್ದು ಊರಿನ ವರ್ತಕರ ಸಂಘದವರು. ನಡುವೆ ಒಂದು ಸಣ್ಣ ಸನ್ಮಾನವಿದೆ ಎಂದು ಅವರ ಕಾರ್ಯದರ್ಶಿ ತಿಳಿಸಿದರು. ನಮ್ಮ ಕಡೆ ನಾಟಕದ ನಡುವೆ ಕಲಾವಿದರಿಗೆ ಶಾಲು ಹೊದಿಸುವುದು ಹೊಸದೇನಲ್ಲ.

"ವಿರೂಪಾಕ್ಷಪ್ಪನವರಿಗೆ ಸಿದ್ಧಲಿಂಗಪ್ಪನವರ ಕೈಲೇ ಶಾಲು ಹಾಕಿಸ್ತೀವಿ," ಎಂದರು ಕಾರ್ಯದರ್ಶಿ. "ಮೊದಲ್ನೆ ಸೀನ್ ಮುಗಿದ ಮ್ಯಾಲೆ."

"ಪರದೆ ಬಿದ್ದ ಮ್ಯಾಲೆ ಮಾಡ್ರಿ," ಎಂದ ರಫೀಕ್. ಅವರು ತಲೆಯಾಡಿಸಿದರು.

ಆರೂವರೆಗೆ ನಾಟಕ ಶುರುವಾಯಿತು. ಸಭೆ ತುಂಬಿತ್ತು, ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಮಾತ್ರ ಖಾಲಿ. ಸಿದ್ಧಲಿಂಗಪ್ಪನವರು ಅಂಗಡಿಯಲ್ಲೇ ತಡವಾಗಿ, ಸನ್ಮಾನ ಮುಂದಕ್ಕೆ ಹೋಗಿ, ಎರಡನೆಯ ದೃಶ್ಯ ನಡೆಯುವಾಗ ರಂಗದ ಹಿಂಬಾಗಿಲಿನಿಂದ ಬಂದರು. ಕಥೆ ಎಲ್ಲಿಗೆ ಬಂದಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಪಕ್ಕದ ಮೆಟ್ಟಿಲ ಮೇಲಿಂದ ಅವರು ಕಂಡದ್ದು ಇಷ್ಟು. ರಂಗದ ನಡುವೆ ಕುರ್ಚಿಯಲ್ಲಿ ಬೀಗರು, ಹಣೆಗೆ ವಿಭೂತಿ, ಕೊರಳಲ್ಲಿ ಹಾರ, ಅಕ್ಕಪಕ್ಕ ಕೈಕಟ್ಟಿ ನಿಂತ ಜನ. ಸನ್ಮಾನ ತನ್ನನ್ನು ಬಿಟ್ಟೇ ಶುರುವಾಗಿದೆ ಎಂದುಕೊಂಡು, ಸನ್ಮಾನಕ್ಕೆಂದು ಅಲ್ಲೇ ಮೇಜಿನ ಮೇಲಿಟ್ಟಿದ್ದ ಶಾಲು ಎತ್ತಿಕೊಂಡು ಸೀದಾ ಒಳಗೆ ನಡೆದರು.

ನಾನು ತಡೆಯುವಷ್ಟರಲ್ಲಿ ಅವರು ಹೆಣಕ್ಕೆ ಶಾಲು ಹೊದಿಸಿ ಆಗಿತ್ತು. ಬೀಗರು ಏಳಲಿಲ್ಲ, ಕಣ್ಣೂ ಬಿಡಲಿಲ್ಲ. "ಬೀಗ್ರ, ಇದು ನಮ್ಮ ಊರಿನ ಪ್ರೀತಿ," ಎಂದು ಸಿದ್ಧಲಿಂಗಪ್ಪನವರು ಭುಜ ಅಲ್ಲಾಡಿಸಿದರು. ಜನರಲ್ಲಿ ಯಾರೋ ಕಿಸಕ್ಕೆಂದರು. ಆಗ ಅವರು ಸುತ್ತ ನೋಡಿದರು. ಕುರ್ಚಿಯ ಕಾಲ ಬಳಿ ಊದುಬತ್ತಿ, ಬಾಯಿಗೆ ಸೆರಗು ಹಿಡಿದ ಹೆಂಗಸು. ತಾನು ಎಲ್ಲಿ ಬಂದು ನಿಂತಿದ್ದೇನೆಂದು ಅವರಿಗೆ ಗೊತ್ತಾದದ್ದು ಮುಖದಲ್ಲೇ ಕಂಡಿತು. ಇಡೀ ಊರು ನೋಡುತ್ತಿತ್ತು. ನಾನು ಪುಸ್ತಕ ನೋಡಿದೆ. ಅದರಲ್ಲಿ ಎತ್ತಿಕೊಡುವಂಥ ಮಾತು ಒಂದೂ ಇರಲಿಲ್ಲ.

ಸೆರಗು ಹಿಡಿದಿದ್ದವಳು ನೇತ್ರಾ, ನಾಟಕದಲ್ಲಿ ಸತ್ತವನ ಸೊಸೆ. ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಯಜಮಾನ್ರ, ಸ್ವಲ್ಪ ತಡ ಮಾಡಿದ್ರಿ. ನಮ್ಮ ಮಾವಾರು ಬೆಳಿಗ್ಗೇನೇ ಹೋದ್ರು."

ಸಭೆ ಹೋ ಎಂದು ನಕ್ಕಿತು. ಸಿದ್ಧಲಿಂಗಪ್ಪನವರು ನಗಲಿಲ್ಲ. ಅವಳನ್ನು ನೋಡಿದರು, ಹೆಣವನ್ನು ನೋಡಿದರು. ಅವರು ಇಳಿದು ಹೊರಟುಹೋದರೆ ನಾಟಕದ ಜೊತೆ ಮದುವೆಯೂ ಅಲ್ಲಿಗೇ ಮುಗಿಯುತ್ತಿತ್ತು.

"ಹಂಗಾರೆ ಈ ಶಾಲು ವಾಪಸ್ ಒಯ್ಲೇನವ್ವಾ?" ಎಂದರು, ಅಂಗಡಿಯ ದನಿಯಲ್ಲೇ.

ಅಂಚಿಗೆ ಕೈಹಾಕಿ ಎಳೆದರು. ಶಾಲು ಬರಲಿಲ್ಲ. ಹೆಣದ ಎಡಗೈ ಮೆಲ್ಲಗೆ ಎದ್ದು ಇನ್ನೊಂದು ಅಂಚನ್ನು ಬಿಗಿಯಾಗಿ ಹಿಡಿದಿತ್ತು.

ನೇತ್ರಾ ಅತ್ತ ತಿರುಗಿಯೂ ನೋಡದೆ ಮೈದುನನ ಪಾತ್ರದವನಿಗೆ, "ಫ್ಯಾನ್ ಕಮ್ಮಿ ಮಾಡೋ, ಗಾಳಿಗೆ ಮಾವಾರ ಕೈ ಅಲ್ಲಾಡ್ತೈತೆ," ಎಂದಳು.

ಸಿದ್ಧಲಿಂಗಪ್ಪನವರು ಶಾಲು ಬಿಟ್ಟು ಹೆಣಕ್ಕೆ ಕೈಮುಗಿದರು. "ಇರಲಿ ಬಿಡವ್ವ. ಬದುಕಿದ್ದಾಗ್ಲೂ ಹಿಂಗೇ ಇದ್ರು." ಬಂದ ದಾರಿಯಲ್ಲೇ ನಿಧಾನ ಇಳಿದು ಹೋಗಿ, ಮುಂದಿನ ಸಾಲಿನ ಖಾಲಿ ಕುರ್ಚಿಯಲ್ಲಿ ಕೂತರು. ನಗು, ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಬೇಕಾಯಿತು.

ಪರದೆ ಬಿದ್ದದ್ದೇ ವಿರೂಪಾಕ್ಷಪ್ಪನವರು ಶಾಲು ಮುದ್ದೆ ಮಾಡಿಕೊಂಡು ಒಳಗೆ ಓಡಿಬಂದರು. "ನನ್ನ ಮಗಳ ಸಂಬಂಧ ನನ್ನ ಕೈಯಾರೆ ಕೆಡಿಸಿದ್ನಲ್ಲೋ ರಫೀಕಾ. ಕೈ ತಡೀಲಿಲ್ಲ ನೋಡು."

"ಆಮ್ಯಾಲೆ ಅಳ್ರಿ," ಎಂದ ರಫೀಕ್, ಅವರ ವಿಭೂತಿ ಸರಿಮಾಡುತ್ತ. "ಇನ್ನೊಂದು ಸೀನ್ ಸಾಯೋದು ಬಾಕಿ ಐತೆ."

ನಾಟಕ ಮುಗಿದ ಮೇಲೆ ಸಿದ್ಧಲಿಂಗಪ್ಪನವರ ಮನೆಯಲ್ಲಿ ಊಟ. ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮೊಸರನ್ನ. ಅವರ ಮಗ ತಂದೆಯ ಮುಖವನ್ನೂ ನೇತ್ರಾಳ ಮುಖವನ್ನೂ ನೋಡುತ್ತ ರೊಟ್ಟಿ ಮುರಿಯುವುದನ್ನೇ ಮರೆತಿದ್ದ. ಬೀಗರ ಮನೆಯಲ್ಲಿ ಉಪ್ಪಿನಕಾಯಿ ಬೇಕೆಂದು ಕೇಳುವ ಧೈರ್ಯವೂ ವಿರೂಪಾಕ್ಷಪ್ಪನವರಿಗೆ ಇರಲಿಲ್ಲ.

ಕೈತೊಳೆದು ಬಂದ ನೇತ್ರಾ ತಾನೇ ಕೇಳಿದಳು. "ಮಾವಾರ, ಮದುವಿ ಆದಮ್ಯಾಲೆ ನಾಟಕ ಬಿಡಬೇಕು ಅಂದಿದ್ರಂತೆ."

"ಅಂದಿದ್ದೆ," ಎಂದರು ಅವರು. ಎಲೆಯಡಿಕೆ ತಟ್ಟೆಯನ್ನು ನಮ್ಮ ಕಡೆ ಸರಿಸಿದರು. "ನಾಟಕದೋರು ಬಾಯಿಗೆ ಬಂದದ್ದು ಆಡ್ತಾರೆ, ಮನಿ ಮರ್ಯಾದಿ ನೋಡಂಗಿಲ್ಲ ಅಂದ್ಕೊಂಡಿದ್ದೆ. ಇವತ್ತು ಅಷ್ಟು ಜನದ ಮುಂದೆ ನನ್ನ ಮರ್ಯಾದಿ ಹೋಗೋದಿತ್ತು. ಬಾಯಿಗೆ ಬಂದದ್ದು ಆಡಿ ನೀನೇ ಉಳಿಸಿದಿ." ಒಂದು ಎಲೆಗೆ ಸುಣ್ಣ ಸವರಿದರು. "ಬಿಡಬ್ಯಾಡ."

ವಿರೂಪಾಕ್ಷಪ್ಪನವರು ಕನ್ನಡಕ ತೆಗೆದು ಶಾಲಿನಿಂದಲೇ ಒರೆಸಿಕೊಂಡರು. ಇನ್ನೂ ತಟ್ಟೆಯ ಮುಂದೆಯೇ ಕೂತಿದ್ದ ಹುಡುಗ ಎರಡನೇ ಸಲ ರೊಟ್ಟಿ ಹಾಕಿಸಿಕೊಂಡ.

ನಮ್ಮನ್ನು ಬಸ್ಸು ಹತ್ತಿಸಲು ಸಿದ್ಧಲಿಂಗಪ್ಪನವರು ತಾವೇ ನಿಲ್ದಾಣಕ್ಕೆ ಬಂದರು. ಬಸ್ಸು ಅರ್ಧ ಖಾಲಿ, ಈ ಸಲ ಗಂಡಸರಿಗೂ ಸೀಟು ಸಿಕ್ಕಿತು. ಕಂಡಕ್ಟರ್ ಸೀಟಿ ಊದುವ ಹೊತ್ತಿಗೆ ಅವರು ನನ್ನ ಕಿಟಕಿಯ ಕೆಳಗೆ ಬಂದು ನಿಂತರು.

"ಅಕ್ಕಾರ, ಮುಂದಿನ ಆಟ ಎಲ್ಲಿ?"

"ಮಲೆಬೆನ್ನೂರಾಗೆ, ಬರೋ ತಿಂಗಳು."

"ಅಲ್ಲಿ ಶಾಲು ಹಾಕೋರು ಯಾರು?"

ನಾಟಕದಲ್ಲಿ ಅಂಥ ಪಾತ್ರವೇ ಇಲ್ಲವೆಂದು ಹೇಳಬೇಕೆಂದಿದ್ದವಳು, "ನೀವೇ ಬರ್ರಿ," ಎಂದೆ.

ಬಸ್ಸು ಹೊರಟಿತು. ಅವರು ಕಿಟಕಿ ಹಿಡಿದೇ ನಾಲ್ಕು ಹೆಜ್ಜೆ ಜೊತೆಗೆ ನಡೆದರು. "ಹಂಗಾರೆ ಪುಸ್ತಕದಾಗೆ ಇನ್ನೊಂದೆರಡು ಮಾತು ಹಾಕ್ರಿ ಅಕ್ಕಾರ. ಇವತ್ತು ನಂದು ಭಾಳ ಕಮ್ಮಿ ಆತು."