ಕೂಗಿ ಫೈಲು ತೆರೆಯುತ್ತಿದ್ದ ಶರಣಮ್ಮಕ್ಕ

ಶರಣಮ್ಮಕ್ಕ ಮಾತಾಡಿದರೆ ಹೊಸಬರಿಗೆ ಜಗಳ ಶುರುವಾಯಿತೆಂದೇ ಅನಿಸುತ್ತಿತ್ತು. ಕಂಪ್ಲಿಯ ಅಕ್ಕಿ ಗಿರಣಿಯವರ ಮಗಳು. ಯಂತ್ರದ ಸದ್ದಿನ ಮೇಲೆ ಮಾತಾಡಿ ಬೆಳೆದ ಗಂಟಲಿಗೆ ಪಿಸುಮಾತು ಒಲಿಯಲೇ ಇಲ್ಲ.

ಸಂಡೂರಿನ ಗಣಿ ಕಂಪನಿಯ ದವಾಖಾನೆಯಲ್ಲಿ ಕಂಪ್ಯೂಟರ್ ಕೆಲಸ ಅವರದು. ನಾನು ಅವರ ಕೈಕೆಳಗೆ ಕಲಿತವಳು. ಕಾರ್ಮಿಕರ, ಸಿಬ್ಬಂದಿಯ ತಪಾಸಣೆ, ಎಕ್ಸ್‌ರೇಗಳ ವಿವರವೆಲ್ಲ ಒಂದೇ ಫೈಲಿನಲ್ಲಿತ್ತು. ಅದನ್ನು ನಮ್ಮ ಕೋಣೆಯಲ್ಲೂ ಡಾಕ್ಟರ ಕೋಣೆಯಲ್ಲೂ ಒಟ್ಟಿಗೆ ತೆರೆದರೆ ಕೆಟ್ಟು ಕೂರುತ್ತಿತ್ತು. ಅದಕ್ಕೇ ಅಕ್ಕ "ತೆಗಿತೀನ್ರೀ!" ಎಂದು ಕೂಗುವರು. ಆ ಕಡೆಯಿಂದ "ತೆಗೀರೀ!" ಎಂದು ಬಂದ ಮೇಲೇ ಫೈಲು ತೆರೆಯುವುದು. ಡಾಕ್ಟರಿಲ್ಲದಾಗ, ಆಂಬ್ಯುಲೆನ್ಸ್ ಓಡಿಸುತ್ತಿದ್ದ ನನ್ನಪ್ಪ ಕೋಣೆ ಇಣುಕಿ ನೋಡಿ ಉತ್ತರ ಕೊಡುತ್ತಿದ್ದ.

ಕೆಲಸ ಬಿಟ್ಟವರ ಹೆಸರು ಅಳಿಸಬೇಕೆಂದು ಮೇಲಿನವರ ಹುಕುಂ. ಅಕ್ಕ ಅಳಿಸುತ್ತಿದ್ದರು, ತಮ್ಮದೇ ರೀತಿಯಲ್ಲಿ.

"ಲೇ ಮಂಜೂ, ಅಳಸೂದು ಅಂದ್ರ ಹೆಸರಿಗೆ ಗುರುತು ಹಾಕೂದು ಅಷ್ಟ. ಕಣ್ಣಿಗೆ ಕಾಣಂಗಿಲ್ಲ, ಒಳಗ ಇರ್ತೈತಿ. ಪೂರಾ ಕಸ ಗುಡಿಸು ಅಂತ ಕಂಪ್ಯೂಟರಿಗೆ ಬ್ಯಾರೆ ಹೇಳ್ಬೇಕು. ನಾ ಹೇಳಂಗಿಲ್ಲ. ಹೋದ ಮಂದಿ ತಿರುಗಿ ಬರ್ತಾರ."

ನನಗೆ ನಗು. ಅಪ್ಪ ಕೆಲಸ ಬಿಟ್ಟಾಗ ಅವನ ಹೆಸರೂ ಹಾಗೇ ಅಳಿಯಿತು. ಮುಂದೆ ಗಣಿ ನಿಂತು ದವಾಖಾನೆ ಮುಚ್ಚಿತು. ಅಕ್ಕ ನಿವೃತ್ತರಾಗಿ ಕಂಪ್ಲಿ ಸೇರಿದರು, ನಾನು ಕಂಪನಿಯ ಹೊಸಪೇಟೆ ಕಚೇರಿಗೆ ಬಂದೆ.

ಹೋದ ವರ್ಷ ಅಪ್ಪನ ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗದಲ್ಲಿ ಗಂಟೊಂದು ಕಂಡಿತು.

"ಹಳೇದಾದ್ರ ಚಿಂತಿಲ್ಲ. ಹೊಸದಾದ್ರ ಕೊಯ್ಬೇಕಾಗ್ತೈತಿ. ಹಳೇ ಎಕ್ಸ್‌ರೇ ಐತೇನ್ರಿ?" ಎಂದರು ಡಾಕ್ಟರು.

ಎಲ್ಲಿಂದ ತರಲಿ? ಗ್ರಹಣ ನೋಡಲು ಚಿತ್ತವಾಡ್ಗಿಯ ನಮ್ಮ ಓಣಿಯವರು ಒಯ್ದ ಅಪ್ಪನ ಹಳೆಯ ಎಕ್ಸ್‌ರೇ ಹಾಳೆ ತಿರುಗಿ ಬಂದಿರಲಿಲ್ಲ.

ಉಳಿದದ್ದು ದವಾಖಾನೆಯ ಫೈಲು. ಅದು ಸಂಡೂರಿನ ಹಳೆಯ ಕಂಪ್ಯೂಟರಿನಲ್ಲೇ ಇತ್ತು. ನಮ್ಮ ಕಚೇರಿಯಿಂದ ನೆಟ್‌ವರ್ಕಿನಲ್ಲಿ ತೆರೆಯಬಹುದಿತ್ತು. ಮ್ಯಾನೇಜರನ್ನು ಕೇಳಿ ತೆರೆದೆ. ಅಪ್ಪನ ಹೆಸರು ಕಾಣಲಿಲ್ಲ. ಇಷ್ಟು ವರ್ಷಗಳಲ್ಲಿ ಯಾರಾದರೂ ನಿಜಕ್ಕೂ ಕಸ ಗುಡಿಸಿದ್ದರೆ? ಅಕ್ಕನಿಗೆ ಫೋನ್ ಮಾಡಿದೆ.

"ಏನೂ ಒತ್ತಬ್ಯಾಡ. ಮುಚ್ಚಿ ಸುಮ್ನ ಕುಂದ್ರು. ನಾ ಬರ್ತೀನಿ."

ಮಂಡಿನೋವಿನಲ್ಲೇ ಬಸ್ಸು ಹತ್ತಿ ಬಂದರು. ಕುರ್ಚಿ ಎಳೆದುಕೊಂಡು, ಕನ್ನಡಕ ಏರಿಸಿ, "ತೆಗಿತೀನ್ರೀ!" ಎಂದರು. ಕಚೇರಿಗೆ ಕಚೇರಿಯೇ ಬೆಚ್ಚಿತು. ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದ ಅಪ್ಪ ದಮ್ಮು ಕಟ್ಟಿ ಕೂಗಿದ: "ತೆಗೀರೀ ಅಕ್ಕಾರ!"

ಅವರು ಏನೋ ಟೈಪ್ ಮಾಡಿದರು. ಮರೆಯಾಗಿದ್ದ ಹೆಸರುಗಳು ಒಂದೊಂದಾಗಿ ಮೇಲೆ ಬಂದವು. ಅಪ್ಪನೂ ಬಂದ. ಬಲ ಶ್ವಾಸಕೋಶದ ಕೆಳಭಾಗದಲ್ಲಿ ಗಂಟು, ಅಳತೆ ಸಮೇತ. ನಾನು ಅಕ್ಕನ ಭುಜಕ್ಕೆ ಮುಖವಿಟ್ಟು ಅತ್ತುಬಿಟ್ಟೆ.

"ಅಳಬ್ಯಾಡ್ಲೇ, ಕೀಬೋರ್ಡಿಗೆ ನೀರು ಬೀಳ್ತಾವ" ಎಂದರು.

ಡಾಕ್ಟರು ಎರಡೂ ಅಳತೆ ಹೋಲಿಸಿ ನೋಡಿದರು. "ಒಂಚೂರೂ ಬೆಳದಿಲ್ಲ. ಕೊಯ್ಯೂದು ಬ್ಯಾಡ" ಎಂದರು.

ಅಕ್ಕನನ್ನು ನಾನು ನೋಡಿದ್ದು ಅದೇ ಕೊನೆ. ಈ ಬೇಸಿಗೆಯಲ್ಲಿ ತೀರಿಕೊಂಡರು. ಆ ಫೈಲಿನ ಹೊಣೆಯನ್ನು ನಾನೇ ಕೇಳಿ ಪಡೆದಿದ್ದೇನೆ. ಗುಡಿಸುವ ಮಾತೇ ಇಲ್ಲ. ತೆರೆಯುವ ಮೊದಲು ಕೂಗುತ್ತೇನೆ. ಜೊತೆಯವರು ನಗುತ್ತಾರೆ, ನಗಲಿ. ಮಧ್ಯಾಹ್ನ ನನಗೆ ಬುತ್ತಿ ತಂದ ಅಪ್ಪ ಹೊರಗಿನಿಂದ ಉತ್ತರ ಕೊಡುತ್ತಾನೆ:

"ತೆಗಿಯವ್ವಾ!"